ಇಡೀ ಮದುವೆಗೆ ಗಟ್ಟಿಮೇಳ

ನಮ್ಮ ರಾಯಲ್ಪಾಡಿನ ಕಡೆ ಮದುವೆ ಮುಗಿದ ಮೇಲೂ ಒಂದು ಶಾಸ್ತ್ರ ಬಾಕಿ ಉಳಿದಿರುತ್ತದೆ. ಅದು ಮದುವೆಯ ವಿಡಿಯೋ ನೋಡುವ ಶಾಸ್ತ್ರ. ಛತ್ರದ ಬಾಕಿ ತೀರಿ, ಪಾತ್ರೆಯವನ ಲೆಕ್ಕ ಮುಗಿದು, ಮಗಳು ಒಂದೆರಡು ಸಲ ತವರಿಗೆ ಬಂದು ಹೋದ ಮೇಲೆ ವಿಡಿಯೋ ಕೈಗೆ ಬರುತ್ತದೆ. ಆ ದಿನ ಅಕ್ಕಪಕ್ಕದ ಹೆಂಗಸರು ಬೇಗ ಅಡಿಗೆ ಮುಗಿಸಿ ಬಂದು ಚಾಪೆಯ ಮೇಲೆ ಕೂರುತ್ತಾರೆ. ಯಾರು ಯಾವ ಸೀರೆ ಉಟ್ಟಿದ್ದರು, ಯಾರು ಬಂದಿರಲಿಲ್ಲ, ಯಾರ ಮುಖ ಸಪ್ಪಗಿತ್ತು ಎಂದು ಚರ್ಚೆಯಾಗುತ್ತದೆ. ಪತ್ರಿಕೆಗಳಲ್ಲಿ ಬರುವ ಸಿನಿಮಾ ವಿಮರ್ಶೆಗಿಂತ ಅದು ಹೆಚ್ಚು ನಿಷ್ಠುರವಾದದ್ದು ಎಂಬುದು ನನ್ನ ಅನುಭವ.

2022ರ ಮೇ ತಿಂಗಳಲ್ಲಿ ನನ್ನ ಅಕ್ಕನ ಮಗಳ ಮದುವೆ ಕೋಲಾರದ ಒಂದು ಛತ್ರದಲ್ಲಿ ನಡೆಯಿತು. ಆಗಸ್ಟಿನಲ್ಲಿ ವಿಡಿಯೋ ಬಂತು. ಈಗ ಅದನ್ನು ವಿಡಿಯೋ ಎನ್ನಬಾರದಂತೆ, 'ಸಿನಿಮ್ಯಾಟಿಕ್ ವೆಡ್ಡಿಂಗ್ ಫಿಲ್ಮ್' ಎನ್ನಬೇಕಂತೆ. ಪುಟ್ಟ ಮರದ ಪೆಟ್ಟಿಗೆಯಲ್ಲಿ ಒಣಹೂವಿನ ಮೇಲೆ ಒಂದು ಪೆನ್ ಡ್ರೈವ್ ಮಲಗಿತ್ತು. ಅಕ್ಕನ ಮನೆಯ ಟಿ.ವಿ.ಗೆ ಅದನ್ನು ಸಿಕ್ಕಿಸಿ ಎಲ್ಲರೂ ನೋಡಿದೆವು. ಒಟ್ಟು 26 ನಿಮಿಷ. ಮುಗಿದ ಮೇಲೆ ಒಬ್ಬರು 'ಥೇಟ್ ಸಿನಿಮಾನೇ' ಎಂದರು. ಇನ್ನೊಬ್ಬರು ದೃಷ್ಟಿ ತೆಗೆದರು. ಪಕ್ಕದ ಮನೆಯ ಅಜ್ಜಿ ಮಾತ್ರ, 'ನಿಮ್ಮ ಟಿ.ವಿ. ಕೆಟ್ಟಿದೆ ಕಣಮ್ಮ, ಬರೀ ಹಾಡು ಬರ್ತಾ ಇದೆ, ಮಾತೇ ಬರ್ತಾ ಇಲ್ಲ' ಎಂದರು. ನಾವೆಲ್ಲ ನಕ್ಕೆವು. ಅಕ್ಕನೂ ನಕ್ಕಳು. ಆ ಅಜ್ಜಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಮೊದಲು ಚಿತ್ರಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ಅದನ್ನು ತೆಗೆದ ಹುಡುಗರಿಗೆ ಕಣ್ಣಿತ್ತು. ಅಂತರಪಟದ ಹಿಂದೆ ನಿಂತ ಹುಡುಗಿಯ ಬೆರಳ ಸಂದಿಯಿಂದ ಜೀರಿಗೆ ಬೆಲ್ಲ ಸೋರುವುದನ್ನು ಅವರು ಹಿಡಿದಿದ್ದಾರೆ. ಧಾರೆ ಎರೆಯುವಾಗ ಭಾವನ ಕೈ ನಡುಗಿದ್ದು ಪಕ್ಕದಲ್ಲಿದ್ದ ನಮಗ್ಯಾರಿಗೂ ಕಂಡಿರಲಿಲ್ಲ, ಕ್ಯಾಮೆರಾಕ್ಕೆ ಕಂಡಿದೆ. ಚಪ್ಪರದ ಮಾವಿನೆಲೆಯ ಮೇಲೆ ಬಿದ್ದ ಬೆಳಗಿನ ಬಿಸಿಲು, ಅರಿಶಿನದ ನೀರಿನಲ್ಲಿ ತೇಲುವ ಹೂವಿನ ದಳ, ಎಲ್ಲವೂ ಕಣ್ಣಿಗೆ ತಂಪು. ಮದುವೆಗೆ ಮೊದಲು ನಮ್ಮ ಮಾವಿನ ತೋಪಿನಲ್ಲಿ ಹುಡುಗ ಹುಡುಗಿಯನ್ನು ನಡೆಸಿ, ಮೇಲಿಂದ ಡ್ರೋನ್ ಹಾರಿಸಿ ತೆಗೆದ ದೃಶ್ಯವೂ ಇದೆ. ಶ್ರೀನಿವಾಸಪುರ ತಾಲ್ಲೂಕಿನವರಾದ ನಾವು ಹುಟ್ಟಿದಾಗಿನಿಂದ ಮಾವಿನ ತೋಪನ್ನು ಕಂಡವರು. ಆದರೆ ನಾವು ಕಂಡದ್ದು ಕೆಳಗಿನಿಂದ, ಅಂದರೆ ನೆರಳನ್ನು. ಮೇಲಿನಿಂದ ನೋಡಿದರೆ ಅದು ಹೂಕೋಸು ಸಾಲಾಗಿ ಜೋಡಿಸಿಟ್ಟಂತೆ ಕಾಣುತ್ತದೆಂದು ನನಗೆ ಗೊತ್ತಾದದ್ದು ಈ ಚಿತ್ರದಿಂದಲೇ.

ಆದರೆ ಎರಡನೆಯ ಸಲ ನೋಡುವಾಗ ಒಂದೊಂದೇ ಕೊರತೆ ಕಾಣತೊಡಗಿತು. ಮದುವೆಗೆ ಬಂದಿದ್ದ ಐನೂರು ಜನರಲ್ಲಿ ಮುಖ ಸ್ಪಷ್ಟವಾಗಿ ಕಾಣುವುದು ಹತ್ತು ಹನ್ನೆರಡು ಜನರದು ಮಾತ್ರ. ಉಳಿದವರೆಲ್ಲ ವಧೂವರರ ಹಿಂದೆ ಮಸುಕು ಮಸುಕಾದ ಬಣ್ಣದ ಚುಕ್ಕೆಗಳು. ಹುಡುಗಿಯ ಹಿಂದೆ ಮೂರು ಗಂಟೆ ನಿಂತಿದ್ದ ನಾನು ಚಿತ್ರದಲ್ಲಿ ಒಂದು ಹಸಿರು ಮಚ್ಚೆ. ಸೀರೆಯ ಬಣ್ಣ ನೆನಪಿದ್ದುದರಿಂದ ನನ್ನ ಗುರುತು ನನಗೇ ಸಿಕ್ಕಿತು. ಹೀಗೆ ಮಸುಕು ಮಾಡುವುದು ತಪ್ಪಲ್ಲ, ಅದೇ ಕಲೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿವರಿಸಿದ. ಅವನು ಇದೇ ಕಸುಬಿನಲ್ಲಿದ್ದಾನೆ.

ಈ ಕಲೆ ನಮ್ಮಲ್ಲಿಗೆ ಹೇಗೆ ಬಂತೆಂಬುದನ್ನು ಸ್ವಲ್ಪ ನೋಡಬೇಕು. ಮೊದಲು ಮದುವೆಯೆಂದರೆ ಒಂದೇ ಒಂದು ಗುಂಪು ಫೋಟೋ. ಕುರ್ಚಿಯ ಮೇಲೆ ಹಿರಿಯರು, ಹಿಂದೆ ನಿಂತವರು, ನೆಲದ ಮೇಲೆ ಮಕ್ಕಳು. ಜಪಾನಿನ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ಕ್ಯಾಸೆಟ್ಟನ್ನು ಹೊರತಂದದ್ದು 1976ರಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಅದರ ಹಿಂದೆಯೇ ಪಟ್ಟಣಗಳ ಮದುವೆಗಳಿಗೆ ವಿಡಿಯೋದವನು ಬಂದ. ಭುಜದ ಮೇಲೆ ಭಾರದ ಕ್ಯಾಮೆರಾ, ಜತೆಗೆ ಕಣ್ಣು ಕುಕ್ಕುವ ದೀಪ ಹಿಡಿದ ಒಬ್ಬ ಹುಡುಗ. ಆ ದೀಪದ ಕಾವಿಗೆ ಮದುಮಗಳ ಕುಂಕುಮ ಕರಗಿ ಮೂಗಿನವರೆಗೆ ಇಳಿಯುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು.

2008ರಲ್ಲಿ ನಿಕಾನ್ ಮತ್ತು ಕ್ಯಾನನ್ ಕಂಪನಿಗಳು ಫೋಟೋ ತೆಗೆಯುವ ಒಳ್ಳೆಯ ಕ್ಯಾಮೆರಾದಲ್ಲೇ ಚಲಿಸುವ ಚಿತ್ರವನ್ನೂ ತೆಗೆಯುವ ಸೌಲಭ್ಯ ಕೊಟ್ಟವು. ಆ ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿಯುವ ಫಲಕ ದೊಡ್ಡದು. ಅದರಿಂದ ಎದುರಿನ ಒಂದು ಮುಖವನ್ನು ಮಾತ್ರ ಚೂಪಾಗಿಟ್ಟು ಹಿಂದಿನದನ್ನೆಲ್ಲ ಕರಗಿಸಿಬಿಡಲು ಸಾಧ್ಯವಾಯಿತು. ಕೋಟಿಗಟ್ಟಲೆ ಸುರಿದು ಸಿನಿಮಾದವರು ಪಡೆಯುತ್ತಿದ್ದ ಆ ನೋಟ ಮದುವೆಮನೆಗೆ ಸುಲಭವಾಗಿ ಸಿಕ್ಕಿತು. ಜನ ಮರುಳಾದರು. ನಾನೂ ಮರುಳಾದೆ. ಸೊಸೆಯ ಮನೆಯ ಸಾಲಸೋಲ ಕಾಣದಂತೆ, ಛತ್ರದ ಒಡೆದ ಕುರ್ಚಿ ಕಾಣದಂತೆ ಮಾಡುವ ಕ್ಯಾಮೆರಾ ಯಾರಿಗೆ ಬೇಡ?

ಮುಖಗಳು ಮಸುಕಾದದ್ದನ್ನು ಕ್ಷಮಿಸಬಹುದು. ನನ್ನ ಮುಖ್ಯ ತಕರಾರು ಮಾತಿನ ಬಗ್ಗೆ. 26 ನಿಮಿಷದ ಆ ಚಿತ್ರದಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಆರಂಭದಿಂದ ಅಂತ್ಯದವರೆಗೆ ಹಾಡುಗಳಿವೆ, ನಡುವೆ ಪಿಯಾನೋ ಇದೆ. ಹೊಸ್ತಿಲಲ್ಲಿ ಅಡ್ಡಗಟ್ಟಿ ಗಂಡನ ಹೆಸರು ಹೇಳಿಸುವ ದೃಶ್ಯವಿದೆ. ನಮ್ಮ ಹುಡುಗಿ ನಾಚಿಕೊಂಡು ಹೆಸರು ಹೇಳುತ್ತಾಳೆ, ಸುತ್ತ ನಿಂತವರು ನಗುತ್ತಾರೆ. ಏನು ಹೇಳಿದಳೆಂದು ಕೇಳುವುದಿಲ್ಲ. ನಾಚಿಕೆ ಮಾತ್ರ ಉಳಿದಿದೆ, ಹೆಸರು ಹೋಗಿದೆ. ಇನ್ನೊಂದು ಕಡೆ ಹಸೆಯ ಮುಂದೆ ಹೆಂಗಸರು ಆರತಿ ತಟ್ಟೆ ಹಿಡಿದು ಹಾಡುತ್ತಿದ್ದಾರೆ. ಅವರ ಬಾಯಿ ಅಲುಗುವುದು ಕಾಣುತ್ತದೆ, ಕೇಳುವುದು ಮಾತ್ರ ಒಂದು ಹಿಂದಿ ಸಿನಿಮಾ ಹಾಡು. ಆ ಹೊತ್ತು ಅಲ್ಲಿ ನಡೆದದ್ದು ಸಾಮಾನ್ಯ ಹಾಡಲ್ಲ. ನಾವು ಗಡಿಯ ಜನ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಗಂಡಿನವರು ಹಾಸನದ ಕಡೆಯವರು. ನಮ್ಮವರು ತೆಲುಗಿನಲ್ಲಿ ಬೀಗರನ್ನು ಹಂಗಿಸಿ ಹಾಡಿದರೆ ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ಒಬ್ಬರದು ಒಬ್ಬರಿಗೆ ಅರ್ಧ ಅರ್ಥವಾಗಿ, ಅರ್ಧ ಆಗದೆ, ಅರ್ಧಗಂಟೆ ಛತ್ರವೆಲ್ಲ ನಗೆಯಲ್ಲಿ ಮುಳುಗಿತ್ತು. ಅಂಥದ್ದು ಇನ್ನೊಂದು ಮದುವೆಯಲ್ಲಿ ಆಗಲಾರದು. ಚಿತ್ರದಲ್ಲಿ ಅದು 9 ಸೆಕೆಂಡು ಇದೆ, ಮೂಕವಾಗಿ.

ಇದೇಕೆ ಹೀಗೆಂದು ನನ್ನ ವಿದ್ಯಾರ್ಥಿಯನ್ನು ಕೇಳಿದೆ. ಅವನು ಹೇಳಿದ ಕಾರಣ ನನಗೆ ಹೊಸದು. ಈ ಚಿತ್ರಗಳ ಜೀವಾಳ ನಿಧಾನಗತಿ. ಸಾಮಾನ್ಯವಾಗಿ ಸೆಕೆಂಡಿಗೆ 25 ಚಿತ್ರ ತೆಗೆದು 25ನ್ನೇ ತೋರಿಸಿದರೆ ನಡೆದದ್ದು ನಡೆದ ವೇಗದಲ್ಲಿ ಕಾಣುತ್ತದೆ. ಸೆಕೆಂಡಿಗೆ 100 ತೆಗೆದು, ತೋರಿಸುವಾಗ 25ರಂತೆ ತೋರಿಸಿದರೆ ಒಂದು ಸೆಕೆಂಡು ನಾಲ್ಕಾಗುತ್ತದೆ. ಎರಚಿದ ಅಕ್ಷತೆ ಗಾಳಿಯಲ್ಲಿ ತೇಲುತ್ತದೆ, ಕಣ್ಣೀರು ಮೆಲ್ಲಗೆ ಇಳಿಯುತ್ತದೆ. ಆದರೆ ಮಾತನ್ನು ನಾಲ್ಕು ಪಟ್ಟು ಎಳೆದರೆ ಅದು ಗೂಳಿಯ ಗುಟುರಾಗುತ್ತದೆ. ಆದ್ದರಿಂದ ಅನೇಕ ಕ್ಯಾಮೆರಾಗಳು ನಿಧಾನಗತಿಗೆಂದು ಚಿತ್ರಿಸುವಾಗ ಧ್ವನಿಯನ್ನು ದಾಖಲಿಸುವುದೇ ಇಲ್ಲ. ಅಂದರೆ ಆ ಹುಡುಗರು ಮಾತನ್ನು ಆಮೇಲೆ ಕತ್ತರಿಸಿ ಎಸೆದದ್ದಲ್ಲ, ಹಿಡಿದೇ ಇರಲಿಲ್ಲ. ಅಂದವನ್ನು ಆರಿಸಿಕೊಂಡ ಗಳಿಗೆಯಲ್ಲೇ ಮಾತು ಕೈಬಿಟ್ಟು ಹೋಗಿತ್ತು.

ಇದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ನನಗೆ ತೋರುತ್ತದೆ. ಈ ಬಗೆಯ ಚಿತ್ರದ ಮಾದರಿ ನಮಗೆ ಪಶ್ಚಿಮದಿಂದ ಬಂದದ್ದು. ಅಲ್ಲಿಯ ಮದುವೆಯಲ್ಲಿ ವಧೂವರರು ಎಲ್ಲರೆದುರು ಬಾಯಿ ಬಿಟ್ಟು ಪ್ರತಿಜ್ಞೆ ಮಾಡುತ್ತಾರೆ. ಊಟದ ಹೊತ್ತಿನಲ್ಲಿ ಅಪ್ಪ, ಗೆಳೆಯ, ಗೆಳತಿ ಎದ್ದು ನಿಂತು ಮಾತಾಡುತ್ತಾರೆ. ಚಿತ್ರ ತೆಗೆಯುವವನು ವರನ ಕೋಟಿಗೊಂದು ಸಣ್ಣ ಮೈಕು ಸಿಕ್ಕಿಸಿ ಆ ಮಾತುಗಳನ್ನು ಹಿಡಿದು, ನಿಧಾನಗತಿಯ ದೃಶ್ಯಗಳ ಕೆಳಗೆ ಹರಿಸುತ್ತಾನೆ. ಅಲ್ಲಿ ಚಿತ್ರಕ್ಕೆ ಬೆನ್ನೆಲುಬು ಮಾತು. ನಮ್ಮ ಮದುವೆಯಲ್ಲಿ ಮದುಮಕ್ಕಳು ಮಾತಾಡುವುದು ಕಡಿಮೆ. ಮಂತ್ರ ಹೇಳುವವರು ಪುರೋಹಿತರು. ಮಾತೇನಿದ್ದರೂ ಸುತ್ತಲಿನವರದು, ಅದರಲ್ಲೂ ಹೆಂಗಸರದು. ಹಾಡುವವರು, ಕೂಗುವವರು, ಹಂಗಿಸುವವರು, ಎಲೆ ಹಾಕಿಸುವವರು, ಮುನಿದವರನ್ನು ಸಮಾಧಾನ ಮಾಡುವವರು ಎಲ್ಲರೂ ನಾವೇ. ಮಾದರಿಯನ್ನು ತಂದವರು ಚಿತ್ರವನ್ನು ತಂದರು. ನಮ್ಮಲ್ಲಿ ಮಾತು ಯಾರ ಬಾಯಲ್ಲಿದೆ ಎಂದು ಯೋಚಿಸಲಿಲ್ಲ. ಆ ಖಾಲಿ ಜಾಗಕ್ಕೆ ಸಿನಿಮಾ ಹಾಡನ್ನು ತುಂಬಿದರು.

ನಮ್ಮ ಮದುವೆಯಲ್ಲಿ ಮಾತು ಕೇಳಬಾರದ ಗಳಿಗೆಯೊಂದು ಇದೆ. ಮಾಂಗಲ್ಯ ಕಟ್ಟುವಾಗ 'ಗಟ್ಟಿಮೇಳ' ಎಂದು ಕೂಗುತ್ತಾರೆ. ನಾಗಸ್ವರ, ಡೋಲು ಒಮ್ಮೆಗೇ ಜೋರಾಗುತ್ತವೆ. ಯಾರಾದರೂ ಸೀನಿದರೆ, ಅಪಶಕುನದ ಮಾತಾಡಿದರೆ ಅದು ಕಿವಿಗೆ ಬೀಳದಿರಲಿ ಎಂದು ಹಿರಿಯರು ಮಾಡಿದ ಏರ್ಪಾಡು ಅದು. ಆದರೆ ಅದು ಒಂದೆರಡು ನಿಮಿಷದ ಏರ್ಪಾಡು. ಗಂಟು ಬಿದ್ದೊಡನೆ ಮೇಳ ತಗ್ಗುತ್ತದೆ, ಮಾತು ಮತ್ತೆ ಹರಿಯುತ್ತದೆ. ಹೊಸ ಚಿತ್ರದವರು ಇಡೀ ಮದುವೆಗೆ ಗಟ್ಟಿಮೇಳ ಹೊಡೆಸಿಬಿಟ್ಟಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ವಯಸ್ಸಾದ ಟೀಚರೊಬ್ಬಳ ಗೊಣಗಾಟವಾಗುತ್ತಿತ್ತು. ಆದರೆ ನನಗೆ ಇದರಲ್ಲಿ ಒಂದು ಸ್ವಂತ ಲೆಕ್ಕವಿದೆ.

ಅಕ್ಕ ಏಳನೆಯ ತರಗತಿಯವರೆಗೆ ಓದಿದವಳು. ಕನ್ನಡ ಓದುತ್ತಿದ್ದಳು, ಅರ್ಥ ಮಾಡಿಕೊಳ್ಳುತ್ತಿದ್ದಳು. ನಾಲಿಗೆ ಮಾತ್ರ ತೆಲುಗಿನದು. ಮದುವೆಯ ಹಿಂದಿನ ರಾತ್ರಿ ಛತ್ರದ ಕೋಣೆಯಲ್ಲಿ ಎಲ್ಲರೂ ಮಲಗಿದ ಮೇಲೆ ನನ್ನನ್ನು ಎಬ್ಬಿಸಿದಳು. ನಾಳೆ ಹೆಣ್ಣು ಒಪ್ಪಿಸುವಾಗ ಬೀಗಿತ್ತಿಯ ಎದುರು ಏನು ಹೇಳಬೇಕೆಂಬುದನ್ನು ಕನ್ನಡದಲ್ಲಿ ಸರಿಯಾಗಿ ಹೇಳಿಕೊಡು ಎಂದು ಕೇಳಿದಳು. 'ಅವರು ನಗಬಾರದು' ಎಂದಳು. ನಾನು ಎರಡು ವಾಕ್ಯ ಹೇಳಿಕೊಟ್ಟೆ. ಅಕ್ಕರೆಯಿಂದ ಸಾಕಿದ ಮಗಳು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂಬಂಥ, ಎಲ್ಲರೂ ಹೇಳುವ ವಾಕ್ಯಗಳು. ಶಾಲೆಯ ಮಗುವಿನಂತೆ ಅವಳು ಅವನ್ನು ನಾಲ್ಕೈದು ಸಲ ಹೇಳಿ ಒಪ್ಪಿಸಿದಳು. ಮಾರನೆಯ ದಿನ ಅವಳು ಹೇಳುವ ಹೊತ್ತಿಗೆ ನಾನು ಬೀಗರಿಗೆ ಕೊಡುವ ತಾಂಬೂಲದ ಚೀಲಗಳನ್ನು ಎಣಿಸುತ್ತಾ ದೂರ ನಿಂತಿದ್ದೆ.

2024ರ ಜನವರಿಯಲ್ಲಿ, ಸಂಕ್ರಾಂತಿಗೆ ಮುಂಚಿನ ವಾರ, ಅಕ್ಕ ಹೋಗಿಬಿಟ್ಟಳು. ಹದಿಮೂರನೆಯ ದಿನ ಮುಗಿದ ಮೇಲೆ ಮಗಳು ಮದುವೆಯ ಚಿತ್ರ ಹಾಕಿ ಕೂತಳು. ಹೆಣ್ಣು ಒಪ್ಪಿಸುವ ದೃಶ್ಯ ಬಂತು. ಅಕ್ಕ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ಏನೋ ಹೇಳುತ್ತಾಳೆ. ತುಟಿ ಅಲುಗುತ್ತದೆ, ಕಣ್ಣು ತುಂಬುತ್ತದೆ, ಬೀಗಿತ್ತಿ ಅವಳನ್ನು ತಬ್ಬಿಕೊಳ್ಳುತ್ತಾರೆ. ಮೇಲೆ ಹಾಡು. ಮಗಳು ನನ್ನ ಕಡೆ ತಿರುಗಿ, 'ಚಿಕ್ಕಮ್ಮ, ಅಮ್ಮ ಏನು ಹೇಳಿದ್ದು ಅಲ್ಲಿ? ನಾನು ಅಳ್ತಾ ಇದ್ದೆ, ಕೇಳಿಸಲಿಲ್ಲ' ಎಂದಳು. ನಾನು ಹೇಳಿಕೊಟ್ಟ ಎರಡು ವಾಕ್ಯಗಳನ್ನು ಹೇಳಿದೆ. ಅವಳು ನಂಬಿದಳು. ನನಗೇ ನಂಬಿಕೆ ಬರಲಿಲ್ಲ. ಆ ಎರಡು ವಾಕ್ಯಕ್ಕೆ ಯಾರೂ ಹಾಗೆ ತಬ್ಬಿಕೊಳ್ಳುವುದಿಲ್ಲ. ಅಕ್ಕ ಪಾಠವನ್ನು ಬಿಟ್ಟು ತನ್ನದೇ ಮಾತಾಡಿದ್ದಳು.

ಆಮೇಲೆ ನಾನೊಬ್ಬಳೇ ಆ ದೃಶ್ಯವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ತುಟಿಯ ಚಲನೆ ನೋಡಿ ತೆಲುಗೋ ಕನ್ನಡವೋ ಎಂದಾದರೂ ತಿಳಿಯಬಹುದೇ ಎಂದು ನೋಡಿದೆ. ದೃಶ್ಯ 12 ಸೆಕೆಂಡು ಇದೆ. ಅದು ನಾಲ್ಕು ಪಟ್ಟು ಎಳೆದದ್ದಾದರೆ ನಿಜವಾಗಿ ನಡೆದದ್ದು 3 ಸೆಕೆಂಡು. ಹಿಂದೆ ಮುಂದೆ ಎಷ್ಟು ಹೇಳಿದಳೋ ಗೊತ್ತಿಲ್ಲ. ಬೀಗಿತ್ತಿಯವರನ್ನು ಕೇಳಿದೆ. 'ಗಲಾಟೆಯಲ್ಲಿ ಪೂರ್ತಿ ಕೇಳಿಸಲಿಲ್ಲ, ತುಂಬಾ ಒಳ್ಳೆಯ ಮಾತು ಹೇಳಿದರು' ಎಂದರು. ಚಿತ್ರ ತೆಗೆದವರಿಗೆ ಫೋನು ಮಾಡಿಸಿದೆ. ಮೂರು ಕ್ಯಾಮೆರಾಗಳಲ್ಲಿ ಎರಡು ನಿಧಾನಗತಿಯಲ್ಲಿದ್ದವಂತೆ. ಮೂರನೆಯದರಲ್ಲಿ ಧ್ವನಿ ಇತ್ತಂತೆ, ಆದರೆ ಮೂಲ ಪ್ರತಿಗಳನ್ನು ಆರು ತಿಂಗಳಾದ ಮೇಲೆ ಅಳಿಸಿಬಿಡುತ್ತಾರಂತೆ. ಒಪ್ಪಂದದ ಹಾಳೆಯಲ್ಲಿ ಅದು ಬರೆದೇ ಇತ್ತು.

ಆ ಹಾಳೆಯಲ್ಲಿ ಇನ್ನೊಂದು ಸಾಲೂ ಇತ್ತು. 'ಸಾಂಪ್ರದಾಯಿಕ ವಿಡಿಯೋ, ಸುಮಾರು 3 ಗಂಟೆ' ಎಂದು ಬೇರೆ ದರ ಹಾಕಿದ್ದರು. ಹಳೆಯ ಪದ್ಧತಿಯಂತೆ ಒಂದು ಕ್ಯಾಮೆರಾ ನಿಲ್ಲಿಸಿ, ನಡೆದದ್ದನ್ನು ನಡೆದ ಹಾಗೆ, ಧ್ವನಿ ಸಮೇತ ತೆಗೆದುಕೊಡುವುದು ಅದು. ಅಕ್ಕ ನನ್ನನ್ನು ಕೇಳಿದ್ದಳು. 'ಮೂರು ಗಂಟೆ ಯಾರು ಕೂತು ನೋಡ್ತಾರೆ, ದುಡ್ಡು ದಂಡ' ಎಂದು ಆ ಸಾಲಿಗೆ ಅಡ್ಡಗೆರೆ ಎಳೆದವಳು ನಾನೇ. ಆದ್ದರಿಂದ ಆ ಹುಡುಗರ ಮೇಲೆ ನನಗೆ ಕೋಪವಿಲ್ಲ. ಕೇಳಿದ್ದನ್ನು ಅವರು ಕೊಟ್ಟರು. ಬೇಕಾದದ್ದನ್ನು ಕೇಳಲು ನಮಗೆ ಬರಲಿಲ್ಲ.

ಹಾಡಿನ ವಿಷಯದಲ್ಲಿ ಇನ್ನೂ ಒಂದು ಘಟನೆ ನಡೆಯಿತು. ಮಗಳು ಆ ಚಿತ್ರವನ್ನು ಅಂತರಜಾಲಕ್ಕೆ ಏರಿಸಿದ್ದಳು. ಹಾಡುಗಳ ಹಕ್ಕು ಬೇರೆಯವರದಾದ್ದರಿಂದ ಕೆಲವೇ ದಿನಗಳಲ್ಲಿ ಅದರ ಧ್ವನಿಯನ್ನು ತೆಗೆದುಹಾಕಲಾಯಿತು. ಈಗ ಅಲ್ಲಿ ನೋಡಿದರೆ ಪೂರಾ ನಿಶ್ಶಬ್ದ. ಎರವಲು ತಂದ ಒಡವೆಯನ್ನು ಅದರ ಒಡೆಯರು ಬಿಚ್ಚಿಕೊಂಡು ಹೋದ ಮೇಲೆ ಕೊರಳಲ್ಲಿ ನಮ್ಮದೆಂಬ ಕರಿಮಣಿಯೂ ಇರಲಿಲ್ಲ. ಭಾರತದಲ್ಲಿ ಮೂಕಿ ಚಿತ್ರ 'ರಾಜಾ ಹರಿಶ್ಚಂದ್ರ' ಬಂದದ್ದು 1913ರಲ್ಲಿ, ಮಾತಾಡುವ 'ಆಲಂ ಆರಾ' 1931ರಲ್ಲಿ, ಕನ್ನಡ ಮಾತಾಡಿದ 'ಸತಿ ಸುಲೋಚನಾ' 1934ರಲ್ಲಿ. ತೆರೆಯ ಮೇಲಿನವರಿಗೆ ಮಾತು ಬರಲು ಅಷ್ಟು ವರ್ಷ ಕಾದಿದ್ದೇವೆ. ನಮ್ಮ ಮನೆಯ ಮದುವೆಯನ್ನು ನಾವು ದುಡ್ಡು ಕೊಟ್ಟು ಮೂಕಿ ಕಾಲಕ್ಕೆ ಕಳಿಸಿದೆವು.

ಈ ನಡುವೆ ನನ್ನ ಮದುವೆಯ ಕ್ಯಾಸೆಟ್ಟು ನೆನಪಾಯಿತು. 1994ರ ಮೇ ತಿಂಗಳಲ್ಲಿ ರಾಯಲ್ಪಾಡಿನ ನಮ್ಮ ಮನೆಯ ಮುಂದೆ ಚಪ್ಪರ ಹಾಕಿ ಆದ ಮದುವೆ ಅದು. ಮೂರು ಗಂಟೆಯ ಒಂದು ವಿ.ಎಚ್.ಎಸ್. ಕ್ಯಾಸೆಟ್ಟು ಬೀರುವಿನ ಅಡಿಯಲ್ಲಿ ಬಿದ್ದಿತ್ತು. ಅದನ್ನು ನೋಡುವ ಯಂತ್ರ ಈಗ ಎಲ್ಲಿದೆ? ಜಗತ್ತಿನಲ್ಲಿ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ನನ್ನ ವಿದ್ಯಾರ್ಥಿ ಬೆಂಗಳೂರಿನಲ್ಲಿ ಹಳೆಯ ಯಂತ್ರ ಇಟ್ಟುಕೊಂಡವರನ್ನು ಹುಡುಕಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ. ಟೇಪಿಗೆ ಬೂಷ್ಟು ಹಿಡಿದಿತ್ತು. ಹಲವು ಕಡೆ ಚಿತ್ರವೇ ಇಲ್ಲ, ಬರೀ ಮಳೆ. ಆದರೆ ಧ್ವನಿ ಕೇಳುತ್ತದೆ. ಆ ಟೇಪಿನಲ್ಲಿ ಧ್ವನಿಗೆಂದು ಅಂಚಿನಲ್ಲೇ ಬೇರೆ ಗೆರೆ ಇರುತ್ತದೆಯಂತೆ. ಚಿತ್ರ ಕೆಟ್ಟರೂ ಕೆಲವೊಮ್ಮೆ ಅದು ಉಳಿದಿರುತ್ತದೆ.

ಆ ವಿಡಿಯೋವನ್ನು ಕಲೆಯೆಂದು ಹೊಗಳಲು ನನಗೆ ಮನಸ್ಸಿಲ್ಲ. ನಾನು ತಾವರೆ ಹೂವಿನೊಳಗಿಂದ ಎದ್ದು ಬರುತ್ತೇನೆ. ನನ್ನ ಗಂಡನ ತಲೆ ಹೃದಯದ ಆಕಾರದೊಳಗೆ ಸುತ್ತುತ್ತದೆ. ಮುಹೂರ್ತದ ಹೊತ್ತಿಗೆ ಒಬ್ಬರ ಬೆನ್ನು ಅಡ್ಡ ಬಂದು ತಾಳಿ ಕಟ್ಟಿದ್ದೇ ಕಾಣುವುದಿಲ್ಲ. ಆರತಕ್ಷತೆಯ ಭಾಗಕ್ಕೆ ಅವನೂ ಸಿನಿಮಾ ಹಾಡನ್ನೇ ಅಂಟಿಸಿದ್ದಾನೆ. ಹಾಡು ಹಾಕುವ ಚಾಳಿ ಅಂದೂ ಇತ್ತು. ಆದರೆ ಮೂರು ಗಂಟೆಗೂ ಹಾಡು ಹಾಕುವ ವ್ಯವಧಾನ ಅವನಿಗಿರಲಿಲ್ಲ. ಆ ಸೋಮಾರಿತನದಿಂದ ನಮಗೆ ಉಪಕಾರವಾಯಿತು. ಅಡಿಗೆಮನೆ, ಊಟದ ಪಂಕ್ತಿ, ಬಾಗಿಲ ಬಳಿಯ ಗದ್ದಲ ಎಲ್ಲವೂ ಹಾಗೆಯೇ ಉಳಿದಿವೆ. ನಮ್ಮ ಅಮ್ಮ ಯಾರನ್ನೋ ಬೈಯುತ್ತಿದ್ದಾಳೆ. ಅಪ್ಪ ಮದನಪಲ್ಲಿಯಿಂದ ಬಂದ ನೆಂಟರ ಬಸ್ಸಿನ ಬಗ್ಗೆ ವಿಚಾರಿಸುತ್ತಿದ್ದಾನೆ. ಇಬ್ಬರೂ ಈಗ ಇಲ್ಲ.

ಮಾತನ್ನು ಹಿಡಿದರೆ ಅಂದ ಕೆಡುತ್ತದೆಯೇ ಎಂದು ಕೇಳಬಹುದು. ಹಾಗೇನೂ ಇಲ್ಲ. ಬೆಂಗಳೂರಿನಲ್ಲಿ ಹುಟ್ಟಿದ, ಉಪೇಂದ್ರ ಜತೆ 'ಸೂಪರ್' ಚಿತ್ರದಲ್ಲಿ ನಟಿಸಿದ ನಯನತಾರಾ ಅವರ ಮದುವೆ 2022ರ ಜೂನ್‌ನಲ್ಲಿ ಮಹಾಬಲಿಪುರದಲ್ಲಿ ಆಯಿತು. ಅದನ್ನೊಳಗೊಂಡ ಚಿತ್ರ 2024ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಹಣ, ಬೆಳಕು, ಸಮುದ್ರ, ಯಾವುದಕ್ಕೂ ಕಡಿಮೆಯಿಲ್ಲದ ಮದುವೆ. ಆದರೂ ಆ ಚಿತ್ರ ನಿಂತಿರುವುದು ಜನ ಕುಳಿತು ಮಾತಾಡುವುದರ ಮೇಲೆ. ಸಿನಿಮಾದವರಿಗೆ ಗೊತ್ತಿದೆ, ಬರೀ ಮುಖ ನೋಡಿ ಯಾರೂ ಬಹಳ ಹೊತ್ತು ಕೂರುವುದಿಲ್ಲವೆಂದು. ಸಿನಿಮಾದಂತೆ ಮಾಡಲು ಹೊರಟ ನಾವು ಅದೊಂದನ್ನು ಕಲಿಯಲಿಲ್ಲ.

ಇನ್ನೊಂದು ತುದಿಗೆ ಹೋದರೆ, ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿದರು. ಆಡಂಬರವಿಲ್ಲ, ಪುರೋಹಿತರಿಲ್ಲ. ಮದುವೆಯಾಗುವವರಿಗೆ ಅರ್ಥವಾಗುವ ಕನ್ನಡದಲ್ಲಿ ಓದುವ ಮಾತುಗಳೇ ಅಲ್ಲಿ ಮದುವೆ. ಇಂದಿಗೂ ಆ ರೀತಿಯಲ್ಲಿ ಮದುವೆಯಾಗುವವರು ನಮ್ಮ ರಾಜ್ಯದಲ್ಲಿದ್ದಾರೆ. ಅಂಥ ಮದುವೆಗೆ ಈ ಹೊಸ ಕ್ಯಾಮೆರಾದವರನ್ನು ಕರೆದರೆ ಏನು ಮಾಡಿಯಾರು ಎಂದು ನನಗೆ ಕುತೂಹಲ. ಮಾತು ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ನಿಂತ ಇಬ್ಬರು, ಒಂದೆರಡು ಹಾರ. ನಮ್ಮ ಅದ್ದೂರಿ ಮದುವೆಗಳಲ್ಲಿ ಮಾತು ತೆಗೆದರೂ ನೋಡಲು ಬೇಕಾದಷ್ಟು ಉಳಿಯುತ್ತದೆ. ಅದಕ್ಕೇ ಹೋದದ್ದು ಗೊತ್ತಾಗುವುದಿಲ್ಲ.

ಮಗಳ ಮದುವೆ ಗೊತ್ತು ಮಾಡಿಕೊಂಡಿರುವ ತಾಯಂದಿರೇ, ಅಂದದ ಚಿತ್ರ ಬೇಡವೆನ್ನಬೇಡಿ, ಖಂಡಿತ ಮಾಡಿಸಿ. ಜತೆಗೆ ನಾಲ್ಕು ವಿಷಯ ಬರೆಸಿಕೊಳ್ಳಿ. ಒಂದು ಕ್ಯಾಮೆರಾ ಇಡೀ ದಿನ ಧ್ವನಿ ಸಮೇತ, ನಿಜವಾದ ವೇಗದಲ್ಲಿ ತೆಗೆಯಲಿ. ಅದರ ಮೇಲೆ ಹಾಡು ಹಾಕದೆ, ಕತ್ತರಿಸದೆ ಮೂಲ ಪ್ರತಿಯನ್ನು ನಿಮಗೆ ಕೊಡಲಿ. ಅದನ್ನು ಎರಡು ಕಡೆ ಬೇರೆ ಬೇರೆ ಇಟ್ಟುಕೊಳ್ಳಿ, ಒಂದು ಕೆಟ್ಟರೆ ಒಂದು ಇರುತ್ತದೆ. ಅವರ ಬಳಿಯ ಪ್ರತಿಯನ್ನು ಯಾವಾಗ ಅಳಿಸುತ್ತಾರೆಂದು ಮೊದಲೇ ಕೇಳಿ. ಇದಕ್ಕೆಲ್ಲ ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ. ಹಸೆಯ ಪಕ್ಕದಲ್ಲೊಂದು, ಅಡಿಗೆಮನೆಯಲ್ಲೊಂದು ಮೊಬೈಲು ಇಟ್ಟು ಧ್ವನಿ ಮುದ್ರಿಸುವ ಗುಂಡಿ ಒತ್ತಿದರೆ ಸಾಕು. ಹೆಣ್ಣು ಒಪ್ಪಿಸುವ ಹೊತ್ತಿಗೆ ಮನೆಯ ಒಂದು ಹುಡುಗನನ್ನು ಅದಕ್ಕೆಂದೇ ಹತ್ತಿರ ನಿಲ್ಲಿಸಿ. ತಾಂಬೂಲದ ಚೀಲಗಳನ್ನು ಆಮೇಲೆ ಎಣಿಸಿದರಾಯಿತು.

ನನ್ನ ಕ್ಯಾಸೆಟ್ಟಿನಲ್ಲಿ ಒಂದು ಕಡೆ ಚಿತ್ರ ಪೂರ್ತಿ ಹೋಗಿ ಬರೀ ಬಿಳಿಯ ಮಳೆ ಸುರಿಯುತ್ತದೆ. ಪಾತ್ರೆಯ ಸದ್ದು, ಕೊಬ್ಬರಿ ತುರಿಯುವ ಸದ್ದು. ಅದರ ನಡುವೆ ಅಕ್ಕನ ದನಿ, ಆಗಿನ್ನೂ ಮೂವತ್ತು ತುಂಬದ ಹೆಂಗಸಿನ ದನಿ, ತೆಲುಗಿನಲ್ಲಿ ಯಾರಿಗೋ ಕೂಗಿ ಹೇಳುತ್ತದೆ: 'ಉಪ್ಪು ಇಪ್ಪುಡೇ ವೇಯೊದ್ದು!' ಕೋಸಂಬರಿಗೆ ಈಗಲೇ ಉಪ್ಪು ಹಾಕಬೇಡಿ, ನೀರು ಬಿಟ್ಟುಕೊಳ್ಳುತ್ತದೆ ಎಂದು. ಮಗಳಿಗೆ ಅದನ್ನು ಕೇಳಿಸಿದೆ. ಅವಳು ಅದಷ್ಟನ್ನೇ ಕತ್ತರಿಸಿ ತನ್ನ ಮೊಬೈಲಿಗೆ ಹಾಕಿಕೊಂಡಿದ್ದಾಳೆ. ಮದುವೆಯ ಚಿತ್ರದ ಪೆನ್ ಡ್ರೈವ್ ಮರದ ಪೆಟ್ಟಿಗೆಯಲ್ಲಿ, ಒಣಹೂವಿನ ಮೇಲೆ, ಹಾಗೆಯೇ ಇದೆ.